ಅಡ್ಡ ಕೇಬಲ್ಲು

“ಥೂ, ಇಲ್ಲಟಂ ನನ್ಮಗನೇ! ಅತ್ತೆ ಮನೇಲಿ ತಟ್ಟೆ ಮುಂದೆ ಕೂತ್ಕೊಳ್ಳೋದು ಬಿಟ್ರೆ ಬೇರೆ ಏನಾದ್ರೂ ನೆಟ್ಟಗೆ ಮಾಡೋಕೆ ಬರುತ್ತೇನೋ ನಿಂಗೆ?”

ಕದಿರೇಶ್ ಅಂದದ್ದು ಡ್ರಮ್ ಬಾರಿಸುತ್ತಿದ್ದ ವೆಂಕಟನ ಕಿವಿಗೆ. ಕೇಳಿಸಿದ್ದು ಇಡೀ ಯಲ್ದೂರಿಗೆ. ಹಾಡುವ ಶೋಭಾರಾಣಿಯ ಮೈಕು ಡ್ರಮ್ಮಿನ ಪಕ್ಕದಲ್ಲೇ ನಿಂತಿತ್ತು. ಅದನ್ನು ಕೆಳಗಿನಿಂದ ಆಫ್ ಮಾಡಬೇಕಾಗಿದ್ದವನು ಬೇರೆ ಯಾರೂ ಅಲ್ಲ, ಮಿಕ್ಸರ್ ನೋಡಿಕೊಳ್ಳುವ ಕದಿರೇಶನೇ. ಅವನು ಮಿಕ್ಸರ್ ಬಿಟ್ಟು ಸ್ಟೇಜು ಹತ್ತಿ ಬಂದಿದ್ದ. ಮಾತು ಎರಡೂ ಕಡೆಯ ಬಾಕ್ಸುಗಳಿಂದ ಹೊರಟು ಶಾಮಿಯಾನದ ಕೊನೆಯ ಸಾಲು ದಾಟಿ ಊಟದ ಪಂಕ್ತಿಯವರೆಗೂ ಹೋಯಿತು. ಸಾರು ಬಡಿಸುತ್ತಿದ್ದವನು ಸೌಟು ಎತ್ತಿ ಹಿಡಿದುಕೊಂಡೇ ತಿರುಗಿ ನೋಡಿದ.

ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಬಂದು, ಅಲ್ಲೇ ಉಳಿದು, ಆ ಮನೆಯ ಹೊಲ ತೋಟ ನೋಡಿಕೊಳ್ಳುವುದಕ್ಕೆ ಆ ಕಡೆ ಇಲ್ಲಟಂ ಅನ್ನುತ್ತಾರೆ. ವೆಂಕಟ ಹಾಗೆ ಯಲ್ದೂರಿಗೆ ಬಂದವನು. ಅವನ ಮಾವ ಚನ್ನರಾಯಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು, ಆವತ್ತಿನ ಆರತಕ್ಷತೆ ಅವರ ತಮ್ಮನ ಮಗಳದು. ವೆಂಕಟನ ಹೆಂಡತಿ ಅನಿತ ಹೆಂಗಸರ ಕಡೆ ಯಾರದೋ ಮಗು ಎತ್ತಿಕೊಂಡು ನಿಂತಿದ್ದಳು. ಹಿಂದುಗಡೆ ಒಬ್ಬ ಕಿಸಕ್ಕೆಂದ. ಅವನ ಪಕ್ಕದವನೂ ನಕ್ಕ. ನಗು ಸಾಲಿನಿಂದ ಸಾಲಿಗೆ ಮುಂದಕ್ಕೆ ಬಂದು ಚನ್ನರಾಯಪ್ಪನವರ ಬೆನ್ನ ಹಿಂದೆ ನಿಂತಿತು.

ವೆಂಕಟ ತಲೆ ಎತ್ತಲಿಲ್ಲ. ಸ್ಟೇಜಿನ ಪಕ್ಕದಿಂದ ಆರ್ಕೆಸ್ಟ್ರಾದ ಯಜಮಾನ ಗೋಪಿ, “ಏ ಕದ್ರಿ, ಇಳಿಯೋ ಕೆಳಗೆ! ಹಾಡು ನಿಲ್ಲಬಾರ್ದು!” ಅಂತ ಗದರಿದ. ಕದಿರೇಶ್ ದುಸುದುಸು ಅನ್ನುತ್ತ ಇಳಿದ. ವೆಂಕಟ ಅಡ್ಡಾದಿಡ್ಡಿ ಕೂಗುತ್ತಿದ್ದ ಡ್ರಮ್ಮಿನ ಪ್ಯಾಡುಗಳಿಂದ ಕೈ ಹಿಂದೆಗೆದು, ನೆಟ್ಟಗೆ ಮಾತಾಡುತ್ತಿದ್ದ ಮಿಕ್ಕವುಗಳಲ್ಲೇ ಇಡೀ ಪ್ರೋಗ್ರಾಂ ಮುಗಿಸಿದ. ಜನಕ್ಕೆ ಕೊರತೆಯೇನೂ ಗೊತ್ತಾಗಲಿಲ್ಲ. ಆಮೇಲೆ ಕೇಬಲ್ಲುಗಳನ್ನು ಒಂದೊಂದಾಗಿ ಸುತ್ತಿ ಬ್ಯಾಗಿಗೆ ಹಾಕಿ, ಜಿಪ್ಪು ಎಳೆದು, ಊಟದ ಕಡೆ ಹೋಗದೆ ಮನೆಗೆ ಹೋದ. ಮತ್ತೆ ಆರ್ಕೆಸ್ಟ್ರಾ ಕಡೆ ಬರಲಿಲ್ಲ.

ಆ ಡ್ರಮ್ ಕಿಟ್ಟಿನ ಕತೆ ಗೊತ್ತಿಲ್ಲದಿದ್ದರೆ ಆ ಸಿಟ್ಟಿನ ಕತೆ ತಿಳಿಯುವುದಿಲ್ಲ.

ಮುಳಬಾಗಿಲಿನಲ್ಲಿ ಗೋಪಿಯದೊಂದು ಮೈಕ್‌ಸೆಟ್ ಅಂಗಡಿ, ಅದರ ಜೊತೆಗೇ ಆರ್ಕೆಸ್ಟ್ರಾ. ಕದಿರೇಶ್ ಅಲ್ಲಿ ಕೆಲಸಕ್ಕಿದ್ದ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಎಲ್ಲರ ಮುಂದೆ “ನಂಗಲೀಲಿ ನಿಮ್ಮಪ್ಪನ ಜೊತೆ ಲಾರಿ ತೊಳಿ ಹೋಗು” ಅಂದಾಗ, ಬ್ಯಾಗನ್ನು ಕಿಟಕಿಯಿಂದ ಆಚೆ ಎಸೆದು ಎದ್ದು ಬಂದವನು ಅವನು. ಅಲ್ಲಿಂದ ಈಚೆಗೆ ಯಾರು ಏನು ಅಂದರೂ ಆ ಮೇಷ್ಟ್ರೇ ಅಂದ ಹಾಗೆ ಕೇಳುತ್ತಿತ್ತು. ಗಿರಾಕಿ “ಸೌಂಡ್ ಸ್ವಲ್ಪ ಕಮ್ಮಿ ಮಾಡಪ್ಪ” ಅಂದರೂ ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು. ಆದರೆ ಸೋಲ್ಡರಿಂಗ್ ಗನ್ ಕೈಗೆ ಬಂದರೆ ಅವನು ಬೇರೆಯೇ ಮನುಷ್ಯ. ಆಗ ಬೈಗುಳವೂ ಇಲ್ಲ, ಮಾತೂ ಇಲ್ಲ.

ಗೋಪಿ ಒಂದು ಹಳೇ ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟು ತಂದು ಹಾಕಿದ. ಸದ್ದು ಮಾಡುವ ಪೆಟ್ಟಿಗೆ ಚೆನ್ನಾಗಿತ್ತು. ಅದರ ಬೂದು ಬಣ್ಣದ ಪ್ಯಾಡುಗಳಲ್ಲಿ ಎರಡು ಮಾತ್ರ ಸತ್ತಿದ್ದವು. ಆ ಕಂಪನಿಯ ಪ್ಯಾಡು ಎಲ್ಲೂ ಸಿಗಲಿಲ್ಲ. ಕದಿರೇಶ್ ಬೆಂಗಳೂರಿನ ಎಸ್.ಪಿ. ರಸ್ತೆಯೆಲ್ಲ ಸುತ್ತಿ, ಇನ್ನೊಂದು ಕಂಪನಿಯ ಎರಡು ಕರೀ ಪ್ಯಾಡು ಹುಡುಕಿ ತಂದ. ಪಿನ್ನು ಕೂತಿತು. ಸದ್ದೂ ಬಂತು. ಆದರೆ ಪ್ಯಾಡಿನ ಮುಖಕ್ಕೆ ಹೊಡೆದರೆ ಅಂಚಿನ ‘ಟಕ್’ ಬರುತ್ತಿತ್ತು, ಅಂಚಿಗೆ ಹೊಡೆದರೆ ಮುಖದ ‘ಧಡ್’ ಬರುತ್ತಿತ್ತು.

“ಏನೋ ಇದು, ಕೆನ್ನೆಗೆ ಹೊಡೆದ್ರೆ ಮೊಣಕಾಲು ನೋವು ಅಂತದೆ?” ಅಂತ ವೆಂಕಟ ನಕ್ಕ.

ಕದಿರೇಶ್ ನಗಲಿಲ್ಲ. ಪ್ಯಾಡು ಬಿಚ್ಚಿದ. ಒಳಗೆ ಹಿತ್ತಾಳೆಯ ಎರಡು ತೆಳು ಬಿಲ್ಲೆ. ಒಂದು ಮುಖದ ಪೆಟ್ಟು ಹಿಡಿಯುವುದು, ಇನ್ನೊಂದು ಅಂಚಿನದು. ಎರಡರಿಂದಲೂ ಒಂದೊಂದು ತಂತಿ ಹೊರಟು ಒಂದೇ ಪಿನ್ನಿಗೆ ಬರುತ್ತದೆ. ಒಂದು ಪಿನ್ನಿನ ತುದಿಗೆ, ಒಂದು ಅದರ ಹಿಂದಿನ ಬಳೆಗೆ. ಒಂದು ಕಂಪನಿಯವನು ತುದಿಯಲ್ಲಿ ಇಟ್ಟದ್ದನ್ನು ಇನ್ನೊಬ್ಬ ಬಳೆಯಲ್ಲಿ ಇಟ್ಟಿದ್ದ, ಅಷ್ಟೇ. ಕದಿರೇಶ್ ಎರಡು ಕೇಬಲ್ಲು ಕತ್ತರಿಸಿ, ಒಳಗಿನ ತಂತಿಗಳನ್ನು ಅಡ್ಡ ಹಾಕಿ ಬೆಸೆದ. ಈಗ ಕರೀ ಪ್ಯಾಡಿನ ಮುಖ ಮುಖದ ಹಾಗೇ ಮಾತಾಡಿತು. ಅವಕ್ಕೆ ಅಡ್ಡ ಕೇಬಲ್ಲು ಅಂತ ಹೆಸರಿಟ್ಟರು. ಬೂದು ಪ್ಯಾಡಿಗೆ ಅಡ್ಡ ಕೇಬಲ್ಲು ಹಾಕಿದರೂ ಉಲ್ಟಾ, ಕರೀ ಪ್ಯಾಡಿಗೆ ಮಾಮೂಲಿ ಕೇಬಲ್ಲು ಹಾಕಿದರೂ ಉಲ್ಟಾ. ನೋಡುವುದಕ್ಕೆ ಎಲ್ಲ ಒಂದೇ ಥರ. ಅದಕ್ಕೇ ಅಡ್ಡ ಕೇಬಲ್ಲುಗಳಿಗೆ ಮಾತ್ರ ಗುರುತಿಗೆ ಕೆಂಪು ದಾರ ಕಟ್ಟಿದ.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಒಂದು ಪ್ಯಾಡಿಗೆ ಹೊಡೆದರೆ ಅದರ ಪಕ್ಕದ್ದೂ ಅದುರಿ ಕೂಗುತ್ತಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಕ್ಲಾಂಪಿನ ಒಳಗೆ ಸುತ್ತಿದ. ಮೆಲ್ಲಗೆ ಮುಟ್ಟಿದರೆ ಸದ್ದೇ ಇಲ್ಲ, ಜೋರಾಗಿ ಹೊಡೆದರೆ ಒಂದಕ್ಕೆ ಎರಡು. ಪೆಟ್ಟಿಗೆಯ ಗುಂಡಿ ಒತ್ತಿ ಒತ್ತಿ ಅದನ್ನು ಹದಕ್ಕೆ ತರಬೇಕು. ಹದ ತಿಳಿಯುವುದಕ್ಕೆ ಕದಿರೇಶನಿಗೆ ಕೈ ಇರಲಿಲ್ಲ. ಆ ಕೈ ವೆಂಕಟನದು. ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಶಾಮಿಯಾನದ ಬಟ್ಟೆಯ ರಾಶಿ ಮೇಲೆ ಕೂತು, ಅವನು ಒಂದೇ ಪ್ಯಾಡಿಗೆ ಸಾಯಂಕಾಲದ ತನಕ ಬಡಿಯುತ್ತಿದ್ದ.

“ಲೇ, ಇದು ಹೊಡೆದ ಮೇಲೆ ಯೋಚ್ನೆ ಮಾಡಿ ಮಾತಾಡ್ತದೆ ಕಣೋ. ಗೋಪಿ ಅಣ್ಣನ ಥರ.”

ಕದಿರೇಶ್ ಗುಂಡಿ ಒತ್ತುತ್ತಿದ್ದ. “ಈಗ?”

“ಈಗ ನಿನ್ನ ಥರ. ಮುಟ್ಟೋಕ್ ಮುಂಚೇನೆ ಬಾಯ್ ಬಿಡ್ತದೆ.”

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಕದಿರೇಶ್ ಕೈಲಿದ್ದದ್ದನ್ನು ಎಸೆಯುತ್ತಿದ್ದ. ವೆಂಕಟ ಅಂದರೆ ಮಾತ್ರ ನಗು ಬರುತ್ತಿತ್ತು. ಹಂಗೆ ಅನ್ನಿಸಿಕೊಂಡೂ ಸುಮ್ಮನಿರಬಹುದಾದ ಮನುಷ್ಯ ಅಂತ ಅವನಿಗೆ ಈ ಲೋಕದಲ್ಲಿ ಇದ್ದದ್ದು ಅವನೊಬ್ಬನೇ. ಅದು ಆಗ ತಿಳಿದಿರಲಿಲ್ಲ.

ಆಯುಧಪೂಜೆಗೆ ಕದಿರೇಶ್ ಕಿಟ್ಟನ್ನು ದೇವರಾಯಸಮುದ್ರದ ತನ್ನ ಮನೆಗೆ ತಂದು, ಅಮ್ಮ ಅಂಜಮ್ಮನ ಮುಂದೆ ಇಟ್ಟು, ತಾನು ಯಾರದೋ ಗ್ಯಾರೇಜಿನ ಪೂಜೆಗೆ ಮೈಕ್ ಕಟ್ಟಲು ಹೋದ. ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಪ್ಯಾಡುಗಳ ಮೇಲೆ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಬ್ಯಾಗನ್ನೂ ಅಮ್ಮನೇ ಕಟ್ಟಿಟ್ಟಿದ್ದಳು.

ಹಬ್ಬ ಕಳೆದ ಮೇಲೆ ಮೊದಲನೇ ಪ್ರೋಗ್ರಾಮೇ ಯಲ್ದೂರಿನದು. ಆವತ್ತೇ ಗೋಪಿ ಮಾಲೂರಿನಲ್ಲೂ ಒಂದು ಫ್ಯಾಕ್ಟರಿಯ ಫಂಕ್ಷನ್ ಒಪ್ಪಿಕೊಂಡಿದ್ದ. ಕದಿರೇಶ್ ಬೆಳಿಗ್ಗೆ ಮಾಲೂರಿಗೆ ಹೋದ. ಅಲ್ಲಿ ಮುಗಿಸಿ ಜನರೇಟರು, ಮಿಕ್ಸರು ಗಾಡಿಗೆ ಹಾಕಿಕೊಂಡು ಸಾಯಂಕಾಲ ಯಲ್ದೂರಿಗೆ ಬರುವುದು, ಅಷ್ಟರಲ್ಲಿ ವೆಂಕಟ ತನ್ನೂರಿನಲ್ಲಿ ಕಿಟ್ಟು ಜೋಡಿಸಿಡುವುದು ಅಂತ ಮಾತಾಗಿತ್ತು. ಮಾಲೂರಿನಲ್ಲಿ ಬಾಕ್ಸುಗಳು ಗುಂಯ್ ಅಂತ ಗುನುಗತೊಡಗಿದವು. ಟೈ ಕಟ್ಟಿದ ಒಬ್ಬ ಮ್ಯಾನೇಜರು ಎಲ್ಲರ ಎದುರಿಗೆ, “ಇಂಥೋರ್ನೆಲ್ಲ ಎಲ್ಲಿಂದ ಹಿಡ್ಕೊಂಡ್ ಬರ್ತೀರ್ರೀ?” ಅಂದ. ಆ ಹೊತ್ತಿಗೇ ವೆಂಕಟನ ಫೋನು.

“ಏ ಕದ್ರಿ, ಈ ಕೇಬಲ್ಲುಗಳು...”

“ಏನ್ಲಾ ಕೇಬಲ್ಲು? ಕೆಂಪು ದಾರ ಇರೋದು ಕರೀ ಪ್ಯಾಡ್‌ಗೆ. ಎಷ್ಟ್ ಸಲ ಹೇಳ್ಬೇಕು?”

“ಅದಲ್ಲ ಕಣೋ, ಇಲ್ಲಿ ನೋಡಿದ್ರೆ...”

“ಕೆಂಪು ದಾರ, ಕರೀ ಪ್ಯಾಡು! ಎಮ್ಮೆಗೂ ಅರ್ಥ ಆಗ್ತದೆ. ಇಡು ಫೋನು.”

ಫೋನು ಮತ್ತೆ ಬಂತು. ಕದಿರೇಶ್ ಅದರ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿಕೊಂಡ.

ಜನರೇಟರು ಯಲ್ದೂರು ಮುಟ್ಟುವಷ್ಟರಲ್ಲಿ ಗಂಡು ಹೆಣ್ಣು ಆಗಲೇ ಬಂದು ನಿಂತಿದ್ದರು, ಜನ ಸಾಲುಗಟ್ಟಿದ್ದರು. ಅಲ್ಲಿಯ ತನಕ ಸ್ಟೇಜಿನಲ್ಲಿ ಕರೆಂಟೇ ಇರಲಿಲ್ಲ, ಒಂದು ಪೆಟ್ಟು ಹೊಡೆದು ನೋಡುವುದಕ್ಕೂ ಆಗಿರಲಿಲ್ಲ. ವೆಂಕಟ ಸ್ಟೇಜಿನ ಅಂಚಿಗೆ ಬಂದು ಬಗ್ಗಿ, “ಒಂದ್ಸಲ ಚೆಕ್ ಮಾಡ್ಕೊಳ್ಳೋಣ ಕಣೋ, ಎರಡೇ ನಿಮಿಷ” ಅಂದ. “ಟೈಮಿಲ್ಲ, ಶುರು ಹಚ್ಕೋ” ಅಂದ ಕದಿರೇಶ್, ಅವನ ಮುಖ ಕೂಡ ನೋಡದೆ. ಹಾಡು ಶುರುವಾಯಿತು. ‘ಧಡ್’ ಬರಬೇಕಾದ ಎಷ್ಟೋ ಕಡೆ ‘ಟಕ್’. ಶೋಭಾರಾಣಿ ತಾಳ ಸಿಗದೆ ಹಾಡು ಅರ್ಧಕ್ಕೇ ನಿಲ್ಲಿಸಿದಳು. ಕದಿರೇಶ್ ಮಿಕ್ಸರ್ ಬಿಟ್ಟು ಮೇಲಕ್ಕೆ ಹತ್ತಿದ. ಬಗ್ಗಿ ಒಂದು ಕೇಬಲ್ಲು ಮುಟ್ಟಿ ನೋಡಿದ್ದರೂ ಸಾಕಿತ್ತು. ಬಗ್ಗಲಿಲ್ಲ. ಬಾಯಿ ತೆರೆದ.

ಮುಂದಿನ ಪ್ರೋಗ್ರಾಮಿಗೆ ಗೋಪಿ ಕೋಲಾರದಿಂದ ಶ್ರೀಧರ್ ಅನ್ನುವ ಡ್ರಮ್ಮರನ್ನು ಕರೆಸಿದ. ಶ್ರೀಧರ್ ಬ್ಯಾಗಿನ ಜಿಪ್ಪು ತೆಗೆದು, ಕೇಬಲ್ಲುಗಳನ್ನು ನೆಲದ ಮೇಲೆ ಹರವಿ, ತಲೆ ಕೆರೆದುಕೊಂಡ. “ಅಣ್ಣಾ, ಎಲ್ಲದಕ್ಕೂ ಕೆಂಪು ದಾರ ಕಟ್ಟಿದ್ದೀರಲ್ಲ, ಯಾವ್ದು ಯಾವ್ದಕ್ಕೆ ಹಾಕ್ಲಿ?”

ಕದಿರೇಶ್ ಹತ್ತಿರ ಬಂದು ನೋಡಿದ. ಒಂದೂ ಬಿಡದೆ ಎಲ್ಲ ಕೇಬಲ್ಲಿನ ಕುತ್ತಿಗೆಗೂ ಕೆಂಪು ದಾರ. ಗಂಟು ಕೂಡ ಒಂದೇ ಥರ.

ಬೈಕು ಮನೆ ಮುಂದೆ ನಿಲ್ಲಿಸುವ ತನಕವೂ ಅವನ ಮೈಯೆಲ್ಲ ಉರಿಯುತ್ತಿತ್ತು. “ಅಮ್ಮಾ, ಈ ದಾರ ಯಾರು ಕಟ್ಟಿದ್ದು?”

ಅಂಜಮ್ಮ ಅವರೇಕಾಯಿ ಸುಲಿಯುತ್ತಿದ್ದಳು. “ನಾನೇ ಕಣಪ್ಪ, ಹಬ್ಬದ ದಿನ. ಎರಡಕ್ಕೆ ಮಾತ್ರ ಇತ್ತು. ಹೋದ್ ವರ್ಷದ್ದಿರಬೇಕು, ಮಿಕ್ಕಿದ್ದಕ್ಕೆ ಯಾರೋ ಕಟ್ಟೋದು ಮರೆತವ್ರೆ ಅಂದ್ಕಂಡೆ. ಹಬ್ಬದಲ್ಲಿ ಒಂದಕ್ಕೆ ಇಕ್ಕಿ ಒಂದಕ್ಕೆ ಬಿಟ್ರೆ ಚೆನ್ನಾಗಿರ್ತದಾ? ಕೊಳೆಯಾಗಿದ್ದಿದ್ದು ಕಿತ್ತಾಕಿ ಎಲ್ಲದಕ್ಕೂ ಹೊಸದು ಕಟ್ಟಿದೆ.” ಮಗನ ಮುಖ ನೋಡಿ ಅವಳ ಕೈ ನಿಂತಿತು. “ಯಾಕೋ? ಕಟ್ಟಬಾರದಿತ್ತಾ?”

ಬಾಯಿಯ ತನಕ ಬಂದಿದ್ದ ಸಿಟ್ಟು ಅಲ್ಲೇ ನಿಂತಿತು. ಅವಳ ಮೇಲೆ ಹಾಕುವುದಕ್ಕಾಗಲಿಲ್ಲ. ಗೋಪಿಯ ಮೇಲೂ ಅಲ್ಲ, ಮಾಲೂರಿನ ಮ್ಯಾನೇಜರ ಮೇಲೂ ಅಲ್ಲ. ‘ಇಲ್ಲಿ ನೋಡಿದ್ರೆ’ ಅಂತ ವೆಂಕಟ ಫೋನಿನಲ್ಲಿ ಅಂದಿದ್ದ. ಇಲ್ಲಿ ನೋಡಿದರೆ ಎಲ್ಲದಕ್ಕೂ ಕೆಂಪು ದಾರ ಇದೆ ಅನ್ನುವುದಕ್ಕೆ ಅವನಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಗಿತ್ತು. ಅಷ್ಟನ್ನೂ ಕೊಡದೆ ಎಮ್ಮೆಗೆ ಹೋಲಿಸಿ ಫೋನು ಇಟ್ಟವನು ತಾನು.

“ಏನಿಲ್ಲ ಬಿಡು” ಅಂದ.

“ವೆಂಕಟ ಈ ಕಡೆ ಬರ್ಲೇ ಇಲ್ವಲ್ಲೋ. ಹುಷಾರಾಗವ್ನಾ?”

“ಇದಾನೆ.”

ಮಾರನೇ ದಿನವೇ ಹೋಗಿ ಕಾಲು ಹಿಡಿದಿದ್ದರೆ ಏನಾಗುತ್ತಿತ್ತೋ. ಹೋಗಲಿಲ್ಲ. ಸಂಕ್ರಾಂತಿ ಆಗಲಿ ಅಂದುಕೊಂಡ. ಅದು ಕಳೆದ ಮೇಲೆ ಯುಗಾದಿ ಆಗಲಿ ಅಂದುಕೊಂಡ. ಒಮ್ಮೆ ಶ್ರೀನಿವಾಸಪುರದ ತನಕ ಹೋಗಿ, ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿದು, ಯಲ್ದೂರಿನ ರಸ್ತೆ ನೋಡಿಕೊಂಡು ನಿಂತು ವಾಪಸಾದ. ಒಮ್ಮೆ ಫೋನು ಮಾಡಿದ, ಅನಿತ ಎತ್ತಿದಳು. “ಅವ್ರು ತೋಟದಲ್ಲವ್ರೆ. ಏನಾದ್ರೂ ಹೇಳ್ಬೇಕಾ?” ಅಂದಳು. ದನಿಯಲ್ಲಿ ಸಿಟ್ಟೂ ಇಲ್ಲ, ಸಲಿಗೆಯೂ ಇಲ್ಲ. “ಏನಿಲ್ಲ” ಅಂದ. ಬೇರೆಯವರಿಗೆ ಹೇಳುವುದಕ್ಕೆ ಅವನ ಹತ್ತಿರ ಯಾವತ್ತೂ ಮಾತಿಗೆ ಬರ ಇರಲಿಲ್ಲ. ಈ ಒಂದು ಮಾತು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ.

ಕೊನೆಗೆ ಅವನನ್ನು ಎಬ್ಬಿಸಿದ್ದು ಗೋಪಿ. ಅಂಗಡಿಯಲ್ಲಿ ಬೀಡಿ ಹಚ್ಚುತ್ತಾ ಯಾವುದೋ ಮಾತಿನ ನಡುವೆ ಅಂದ: “ಯಲ್ದೂರಲ್ಲಿ ಹುಡುಗ್ರು ಅವನಿಗೆ ತಟ್ಟೆ ವೆಂಕಟ ಅಂತ ಹೆಸರಿಕ್ಕವ್ರಂತೆ ಕಣೋ. ಮಾವನ ಜೊತೆ ಊಟಕ್ಕೆ ಕೂರೋದೇ ಬಿಟ್ಟವ್ನಂತೆ. ಬುತ್ತಿ ಕಟ್ಟಿಸ್ಕೊಂಡು ತೋಟದಲ್ಲಿ ಒಬ್ನೇ ತಿಂತಾನಂತೆ.” ಹೊಗೆ ಬಿಟ್ಟು ಸೇರಿಸಿದ: “ಎಂಥ ಕೈ ಕಣೋ ಅವಂದು. ಹಾಳಾಯ್ತು.”

ಕದಿರೇಶ್ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದವನೇ ಬೈಕು ತೆಗೆದ.

ಮಾವಿನ ಕಾಲ. ಶ್ರೀನಿವಾಸಪುರ ದಾಟಿದರೆ ರಸ್ತೆಯ ಎರಡೂ ಕಡೆ ಕಾಯಿ ಜೋತ ತೋಟಗಳು, ಮಂಡಿಗೆ ಹೋಗುವ ಟೆಂಪೋಗಳು. ಚನ್ನರಾಯಪ್ಪನವರ ತೋಟದಲ್ಲಿ ದೊಡ್ಡದೊಂದು ಮರದ ಕೆಳಗೆ ಬಾದಾಮಿ ಮಾವಿನ ಹಣ್ಣಿನ ರಾಶಿ. ದೊಡ್ಡಗಂಗಮ್ಮ ಅನ್ನುವ ಕೂಲಿಯಾಳು, ಅವಳ ಜೊತೆ ಇನ್ನೊಬ್ಬಳು ಕೂತು ಆರಿಸುತ್ತಿದ್ದರು. ವೆಂಕಟ ಕ್ರೇಟಿಗೆ ಹುಲ್ಲು ಹಾಸಿ ಹಣ್ಣು ಜೋಡಿಸುತ್ತಿದ್ದ.

“ಎವರಪ್ಪಾ ಅದಿ?” ಯಾರದು ಅಂತ ಚನ್ನರಾಯಪ್ಪ ತೆಲುಗಿನಲ್ಲಿ ಕೇಳಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಗುರುತು ಸಿಕ್ಕಿತು. ಮುಖ ಬದಲಾಗಲಿಲ್ಲ. “ಓ, ಮೈಕಿನೋನು. ಬಾಪ್ಪ.”

ವೆಂಕಟ ಎದ್ದು ಕೈಯ ಹುಲ್ಲು ಕೊಡವಿದ. “ಬನ್ನಿ” ಅಂದ. “ಕೂತ್ಕಳಿ. ನೀರು ಕುಡೀತೀರಾ?”

ಏನ್ಲಾ, ಯಾಕ್ಲಾ ಬಂದೆ ಅಂದು ಒಂದು ಹಣ್ಣು ತೆಗೆದು ಎಸೆದಿದ್ದರೂ ಕದಿರೇಶನಿಗೆ ಸಮಾಧಾನವಾಗುತ್ತಿತ್ತು. ಕೂರಲಿಲ್ಲ. ನಿಂತೇ ಶುರು ಮಾಡಿದ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಒಂದೇ ಉಸಿರಿಗೆ ಬಂತು.

“ವೆಂಕಟಾ, ಆವತ್ತು ತಪ್ಪು ನಿಂದಲ್ಲ ಕಣೋ. ಎಲ್ಲದಕ್ಕೂ ದಾರ ಇತ್ತು. ಹಬ್ಬದ ದಿನ ಅಮ್ಮ ಗೊತ್ತಿಲ್ದೆ ಎಲ್ಲಾ ಕೇಬಲ್ಗೂ ಕಟ್ಟಿಬಿಟ್ಟವ್ಳೆ. ಅಡ್ಡದ್ದು ಯಾವ್ದು, ಮಾಮೂಲಿದು ಯಾವ್ದು ಅಂತ ಆ ದೇವರಿಗೂ ಗೊತ್ತಾಗ್ತಿರ್ಲಿಲ್ಲ. ನೀನು ಅದ್ನೇ ಹೇಳೋಕೆ ಫೋನ್ ಮಾಡಿದ್ದೆ, ನಾನು ಕೇಳಿಸ್ಕಳ್ಳಿಲ್ಲ. ಚೆಕ್ ಮಾಡೋಣ ಅಂದೆ, ಅದಕ್ಕೂ ಬಿಡ್ಲಿಲ್ಲ. ತಪ್ಪೆಲ್ಲ ನಂದೇ.” ಆಮೇಲೆ ಚನ್ನರಾಯಪ್ಪನವರ ಕಡೆ ತಿರುಗಿ, ಕೂಲಿಯವರಿಗೂ ಕೇಳಲಿ ಅಂತ ಗಟ್ಟಿಯಾಗಿ ಅಂದ: “ಯಜಮಾನ್ರೇ, ನಿಮ್ ಅಳಿಯಂದು ಒಂಚೂರೂ ತಪ್ಪಿಲ್ಲ. ಯಾರು ಹಾಕಿದ್ರೂ ಹಂಗೇ ಆಗ್ತಿತ್ತು.”

ಹೇಳಿ ಮುಗಿಸಿದ ಮೇಲೆ ಎದೆ ಹಗುರಾದ ಹಾಗಾಯಿತು. ಇಷ್ಟೇನಾ, ಇಷ್ಟಕ್ಕೆ ಇಷ್ಟು ದಿನ ಸತ್ತೆನಾ ಅನ್ನಿಸಿತು.

ಚನ್ನರಾಯಪ್ಪ ಒಂದು ಹಣ್ಣನ್ನು ತೊಟ್ಟಿನ ಕಡೆಯಿಂದ ಮೂಸಿ ನೋಡಿ ಪಕ್ಕಕ್ಕಿಟ್ಟರು. “ಆ ವೈರಿನ ಇಚಾರ ನಂಗ್ಯಾಕಪ್ಪ” ಅಂದರು. ಅಷ್ಟೇ ಅಂದು ಇನ್ನೊಂದು ಹಣ್ಣು ಎತ್ತಿಕೊಂಡರು. ದೊಡ್ಡಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದಳು.

ವೆಂಕಟ ಬಗ್ಗಿ, ಅರ್ಧ ತುಂಬಿದ ಕ್ರೇಟಿನಲ್ಲಿ ಓರೆಯಾಗಿದ್ದ ಒಂದು ಹಣ್ಣನ್ನು ಸರಿಮಾಡಿದ. ಬೆರಳುಗಳು ಮೊದಲಿನಂತೆಯೇ ಹಗುರ, ಎಲ್ಲಿ ಎಷ್ಟು ಒತ್ತಬೇಕೋ ಅಷ್ಟೇ. ಆಮೇಲೆ ನೆಟ್ಟಗೆ ನಿಂತು ಕದಿರೇಶನನ್ನು ನೋಡಿದ. ಬಂದಾಗಿನಿಂದ ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವವನ ಹಾಗೆ ಮೆಲ್ಲಗೆ ಕೇಳಿದ.

“ದಾರ ಸರಿಯಾಗೇ ಇತ್ತು ಅಂತಿಟ್ಕೋ ಕದ್ರಿ. ನಾನೇ ಗಮನ ಇಲ್ದೆ ತಪ್ಪು ಹಾಕಿದ್ದೆ ಅಂತಿಟ್ಕೋ. ಆಗ ನೀನು ಅಂದಿದ್ದು ಸರಿ ಆಗ್ತಿತ್ತಾ?”

ಕದಿರೇಶ್ ಬಾಯಿ ತೆರೆದ. ಇಲ್ಲ ಕಣೋ ಅನ್ನಬೇಕು. ಅನ್ನುವುದಕ್ಕೆ ಎಷ್ಟು ಹೊತ್ತು? ಆದರೆ ಅವನು ಇಷ್ಟು ತಿಂಗಳು ನಿದ್ದೆಗೆಟ್ಟದ್ದು ವೆಂಕಟ ತಪ್ಪು ಮಾಡಿರಲಿಲ್ಲ ಅನ್ನುವುದಕ್ಕೆ. ಮಾಡಿದ್ದರೆ? ಮಾಡಿದ್ದರೆ ಈ ತೋಟದ ಕಡೆ ಅವನು ತಲೆಯನ್ನೂ ಹಾಕುತ್ತಿರಲಿಲ್ಲ. ಆ ಮಾತನ್ನು ಅಂದು, ಮರೆತು, ಇನ್ನೊಬ್ಬ ಡ್ರಮ್ಮರನ್ನು ಕೂರಿಸಿಕೊಂಡು ಹಾಯಾಗಿ ಇರುತ್ತಿದ್ದ. ಅದು ವೆಂಕಟನಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ. ಸುಳ್ಳು ಹೇಳಿದರೆ ಆ ಕೈಗೆ ತಿಳಿಯದೆ ಹೋಗುವುದಿಲ್ಲ.

ಹುಲ್ಲಿನ ಮೇಲೆ ಯಾರೋ ಹಣ್ಣು ಉರುಳಿಸಿದ ಸದ್ದು. ವೆಂಕಟ ಕಾಯುತ್ತಿದ್ದ. ಅವಸರ ಮಾಡಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಕದಿರೇಶ್ ತೆರೆದ ಬಾಯಿ ಮುಚ್ಚಿ, ಬಿದ್ದ ಎಲೆಗಳನ್ನು ತುಳಿಯುತ್ತ, ರಸ್ತೆಯ ಕಡೆಗೆ ನಡೆದ.